ಇ20 ಪೆಟ್ರೋಲ್‌ಗೆ ಹಳೇ ಅಂಬಾಸಿಡರ್‌ನ ಟೈಮಿಂಗ್ ಕೂರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಳೇ ಅಂಬಾಸಿಡರ್ ಓಡಿಸುವವರ ದೂರು ಈಗ ಹೆಚ್ಚುಕಮ್ಮಿ ಒಂದೇ. ಪಿಕಪ್ ಇಲ್ಲ. ಏರಿನಲ್ಲಿ ಇಂಜಿನ್ ಕಟಕಟ ಅನ್ನುತ್ತದೆ. ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತದೆ. ಗ್ಯಾರೇಜಿಗೆ ಒಯ್ದರೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಸ್ಪಾರ್ಕ್ ಹಂಚುವ ಭಾಗ) ಸಡಿಲ ಮಾಡಿ, ಕಿವಿಗೊಟ್ಟು ಕೇಳಿ, ಒಂಚೂರು ತಿರುಗಿಸಿ ಬಿಗಿ ಮಾಡಿ ಕಳಿಸುತ್ತಾರೆ. ಎರಡು ದಿನ ಪರವಾಗಿಲ್ಲ ಅನ್ನಿಸುತ್ತದೆ. ಮೂರನೇ ದಿನ ಮತ್ತೆ ಅದೇ ಕಥೆ.

ನನ್ನ ಗಾಡಿಗೂ ಹೀಗೇ ಆಗಿತ್ತು. ಒಂದೇ ತಿಂಗಳಲ್ಲಿ ಮೂರು ಸಲ ಟೈಮಿಂಗ್, ಅಂದರೆ ಪ್ಲಗ್‌ನಲ್ಲಿ ಸ್ಪಾರ್ಕ್ ಬರುವ ಕ್ಷಣ, ಬದಲಾಯಿಸಿದರು. ಕೊನೆಗೆ ನೋಡಿದರೆ ಡಿಸ್ಟ್ರಿಬ್ಯೂಟರ್ ಒಳಗಿನ ಅಡ್ವಾನ್ಸ್ ತೂಕಗಳು (ಇಂಜಿನ್ ವೇಗ ಏರಿದಂತೆ ಸ್ಪಾರ್ಕ್ ಬೇಗ ಬರುವಂತೆ ಮಾಡುವ ತೂಕಗಳು) ತುಕ್ಕು ಹಿಡಿದು ಅಲುಗದೆ ಕೂತಿದ್ದವು. ಹೊರಗಿನಿಂದ ಎಷ್ಟು ತಿರುಗಿಸಿದರೂ ಅದು ಸರಿಹೋಗುವಂಥದ್ದಾಗಿರಲಿಲ್ಲ. ಡಿಸ್ಟ್ರಿಬ್ಯೂಟರ್ ತಿರುಗಿಸುವುದು ಈ ಕೆಲಸದಲ್ಲಿ ಕೊನೆಗೆ ಬರಬೇಕು. ಅದನ್ನೇ ಮೊದಲು ಮಾಡುವುದರಿಂದ ಎಲ್ಲರೂ ಎಡವುತ್ತಾರೆ. ಕೆಳಗಿನ ಹಂತಗಳನ್ನು ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ.

ಇಲ್ಲಿ ಹೇಳಿರುವುದು 1489 ಸಿಸಿಯ ಬಿಎಂಸಿ ಬಿ-ಸೀರೀಸ್ ಪೆಟ್ರೋಲ್ ಇಂಜಿನ್‌ಗೆ. ಅದೂ ಸಿಬಿ ಪಾಯಿಂಟ್ (ತೆರೆದಾಗ ಸ್ಪಾರ್ಕ್ ಹುಟ್ಟಿಸುವ ಸಣ್ಣ ಸ್ವಿಚ್) ಇರುವ ಲೂಕಾಸ್ ಮಾದರಿಯ ಡಿಸ್ಟ್ರಿಬ್ಯೂಟರ್ ಇದ್ದರೆ. ಇಸುಜು 1.8 ಇಂಜಿನ್‌ನ ಗುರುತುಗಳು, ಅಂಕಿಗಳು ಬೇರೆ. ಪ್ರೀಮಿಯರ್ ಪದ್ಮಿನಿ ಕಾರಿನವರಿಗೆ ಕ್ರಮ ಇದೇ, ಅಂಕಿಗಳನ್ನು ಮಾತ್ರ ನಿಮ್ಮ ಕಾರಿನ ಪುಸ್ತಕದಿಂದ ತೆಗೆದುಕೊಳ್ಳಿ.

## ಪೆಟ್ರೋಲ್‌ನಲ್ಲಿ ಏನು ಬದಲಾಗಿದೆ

ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಇದೆ, ಅದಕ್ಕೇ ಇ20 ಅನ್ನುವುದು. ಎಥನಾಲ್ ಸುಲಭಕ್ಕೆ ನಾಕಿಂಗ್ (ಸಿಲಿಂಡರ್‌ನಲ್ಲಿ ತಾನಾಗೇ ಸಿಡಿದು ಕಟಕಟ ಅನ್ನುವುದು) ಮಾಡುವುದಿಲ್ಲ. ಈ ಇಂಜಿನ್‌ನ ಕಂಪ್ರೆಷನ್ ಸುಮಾರು 7.2:1, ಬಹಳ ಕಡಿಮೆ. ಅಂದರೆ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಸಾಲದೆ ನಾಕಿಂಗ್ ಬರುತ್ತಿದೆ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. 100 ಆಕ್ಟೇನ್ ಪೆಟ್ರೋಲ್‌ಗೆ ದುಡ್ಡು ಹಾಕಬೇಡಿ, ಈ ಇಂಜಿನ್‌ಗೆ ಅದರಿಂದ ಏನೂ ಸಿಗುವುದಿಲ್ಲ.

ತೊಂದರೆ ಇರುವುದು ಮಿಕ್ಸ್ಚರ್‌ನಲ್ಲಿ, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ. ಬರೀ ಪೆಟ್ರೋಲ್ ಆದರೆ 1 ಕೆಜಿಗೆ ಸುಮಾರು 14.7 ಕೆಜಿ ಗಾಳಿ ಬೇಕು. ಇ20 ಆದರೆ ಸುಮಾರು 13.5 ಕೆಜಿ ಸಾಕು. ಕಾರ್ಬ್ಯುರೇಟರ್‌ಗೆ ಇದು ಗೊತ್ತಾಗುವುದಿಲ್ಲ. ಅದು ಹಳೇ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತದೆ, ಮಿಕ್ಸ್ಚರ್ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಆಗುತ್ತದೆ. ಲೀನ್ ಆದ ಮಿಕ್ಸ್ಚರ್ ನಿಧಾನವಾಗಿ ಉರಿಯುತ್ತದೆ, ಬಿಸಿ ಜಾಸ್ತಿ, ಪಿಕಪ್ ಕಡಿಮೆ, ಏರಿನಲ್ಲಿ ಕಟಕಟ. ಆ ಸದ್ದು ಕೇಳಿ ಮೆಕ್ಯಾನಿಕ್ ಟೈಮಿಂಗ್ ಹಿಂದಕ್ಕೆ ಹಾಕುತ್ತಾರೆ, ಅಂದರೆ ಸ್ಪಾರ್ಕ್ ತಡವಾಗಿಸುತ್ತಾರೆ. ಸದ್ದು ನಿಲ್ಲುತ್ತದೆ, ಆದರೆ ಇಂಜಿನ್ ಇನ್ನಷ್ಟು ಬಿಸಿಯಾಗುತ್ತದೆ. ಮಿಕ್ಸ್ಚರ್ ಸರಿಮಾಡಿದ ಮೇಲೆ ಇದೇ ಇಂಜಿನ್ ಪುಸ್ತಕದ ಅಂಕಿಗಿಂತ 2ರಿಂದ 4 ಡಿಗ್ರಿ ಜಾಸ್ತಿ ಅಡ್ವಾನ್ಸ್ ಖುಷಿಯಾಗಿ ತೆಗೆದುಕೊಳ್ಳುವುದನ್ನು ನಾನು ನೋಡಿದ್ದೇನೆ.

## ಬೇಕಾಗುವ ಸಾಮಾನು

ಟೈಮಿಂಗ್ ಲೈಟ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಸಾದಾ ಕ್ಸೆನಾನ್ ಲೈಟ್ ಸಾಕು. ಡಿಗ್ರಿ ತಿರುಗಿಸುವ ಡಯಲ್ ಇರುವ ಲೈಟ್ ಸಿಕ್ಕರೆ ಇನ್ನೂ ಸುಲಭ.

ಜೊತೆಗೆ ಫೀಲರ್ ಗೇಜ್, ಎರಡು ವೈರ್ ಹಾಕಿದ 12 ವೋಲ್ಟ್ ಬಲ್ಬ್, ಆರ್‌ಪಿಎಂ ಮೀಟರ್, ಪ್ಲಗ್ ಸ್ಪ್ಯಾನರ್, ಬಿಳಿ ಪೇಂಟ್, ದಾರ, ಸ್ಕೇಲ್ ಇಟ್ಟುಕೊಳ್ಳಿ. ಒಂದು ಹಳೇ ಪ್ಲಗ್ ಒಡೆದು, ಒಳಗಿನ ಪಿಂಗಾಣಿ ತೆಗೆದು, ತುದಿ ಉರುಟಾದ ಬೋಲ್ಟ್ ಒಂದನ್ನು ಅದರಲ್ಲಿ ಕೂರಿಸಿ ಪಿಸ್ಟನ್ ಸ್ಟಾಪ್ ಮಾಡಿಕೊಳ್ಳಿ. ಲೇತ್ ಅಂಗಡಿಯಲ್ಲಿ ಹೇಳಿದರೆ ಮಾಡಿಕೊಡುತ್ತಾರೆ.

ಕೆಲಸ ಬಯಲಲ್ಲೇ ಆಗಬೇಕು. ಮುಚ್ಚಿದ ಶೆಡ್‌ನಲ್ಲಿ ಇಂಜಿನ್ ಓಡಿಸಿದರೆ ಹೊಗೆ ಜೀವಕ್ಕೇ ಅಪಾಯ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ. ಟವೆಲ್, ಸಡಿಲ ತೋಳು, ಕತ್ತಿನ ಸರ ಯಾವುದೂ ಫ್ಯಾನ್ ಹತ್ತಿರ ಬರಬಾರದು. ಟೈಮಿಂಗ್ ಲೈಟ್ ಬೆಳಕಿನಲ್ಲಿ ಓಡುತ್ತಿರುವ ಫ್ಯಾನ್ ನಿಂತ ಹಾಗೆ ಕಾಣುತ್ತದೆ. ಇದನ್ನು ಮರೆತು ಬೆರಳು ಕಳೆದುಕೊಳ್ಳಬೇಡಿ.

## ಹಂತ 1: ಪೆಟ್ರೋಲ್ ಮತ್ತು ಗಾಳಿ ಸೋರಿಕೆ ನೋಡಿ

ಕಾರು ತಿಂಗಳುಗಟ್ಟಲೆ ನಿಂತಿದ್ದರೆ ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಜಾಸ್ತಿಯಾದರೆ ಎಥನಾಲ್ ಅದರ ಜೊತೆ ಸೇರಿ ಟ್ಯಾಂಕ್ ತಳಕ್ಕೆ ಇಳಿಯುತ್ತದೆ. ಮೇಲೆ ಉಳಿಯುವ ಪೆಟ್ರೋಲ್‌ನ ಆಕ್ಟೇನ್ ಕಡಿಮೆ. ಅಂಥ ಪೆಟ್ರೋಲ್ ಮೇಲೆ ಟೈಮಿಂಗ್ ಕೂರಿಸಿದರೆ ಎಲ್ಲ ಲೆಕ್ಕವೂ ತಪ್ಪು.

ಪೆಟ್ರೋಲ್ ಪೈಪ್, ಪಂಪ್‌ನ ಡಯಾಫ್ರಮ್ ಹಳೇ ರಬ್ಬರ್ ಆಗಿದ್ದರೆ ಬದಲಾಯಿಸಿ. ಎಥನಾಲ್‌ಗೆ ಹಳೇ ರಬ್ಬರ್ ಮೆತ್ತಗಾಗುತ್ತದೆ, ಬಿರುಕು ಬಿಡುತ್ತದೆ. ಸೋರುವ ಪೆಟ್ರೋಲ್ ಹತ್ತಿರ ಸ್ಪಾರ್ಕ್ ಕೆಲಸ ಮಾಡುವುದು ಬೇಡವೇ ಬೇಡ.

ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಕಾರ್ಬ್ಯುರೇಟರ್ ಬುಡ, ವ್ಯಾಕ್ಯೂಮ್ ಪೈಪ್‌ಗಳಲ್ಲಿ ಗಾಳಿ ಎಳೆಯುತ್ತಿದೆಯೇ ನೋಡಿ. ಅಲ್ಲಿ ಎಳೆದರೆ ಮಿಕ್ಸ್ಚರ್ ಎಷ್ಟು ತಿದ್ದಿದರೂ ನಿಲ್ಲುವುದಿಲ್ಲ.

## ಹಂತ 2: ಟ್ಯಾಪೆಟ್, ಪ್ಲಗ್, ಪಾಯಿಂಟ್

ಟ್ಯಾಪೆಟ್ ಗ್ಯಾಪ್ ಪುಸ್ತಕದಲ್ಲಿ ಹೇಳಿದಷ್ಟಕ್ಕೆ ತನ್ನಿ. ಎಕ್ಸಾಸ್ಟ್ ವಾಲ್ವ್‌ಗಳ ಗ್ಯಾಪ್ ಪ್ರತಿ ಸಲ ಕಡಿಮೆಯಾಗುತ್ತಾ ಬರುತ್ತಿದ್ದರೆ ವಾಲ್ವ್ ಸೀಟ್ ಸವೆಯುತ್ತಿದೆ ಎಂದರ್ಥ. ಸೀಸ ಇಲ್ಲದ ಪೆಟ್ರೋಲ್‌ನಲ್ಲಿ ಹಳೇ ಹೆಡ್‌ಗೆ ಇದು ಆಗುವಂಥದ್ದೇ. ಟೈಮಿಂಗ್ ಹಿಂದಿದ್ದರೆ ಎಕ್ಸಾಸ್ಟ್ ಬಿಸಿಯೇರಿ ಸವೆತ ಇನ್ನೂ ಬೇಗ ಆಗುತ್ತದೆ.

ಪ್ಲಗ್ ಗ್ಯಾಪ್ ಸುಮಾರು 0.64 ಮಿ.ಮೀ. ಇರಲಿ. ಸಿಬಿ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಪಾಯಿಂಟ್ ಮುಖದಲ್ಲಿ ಗುಳಿ, ಗುಬುಟು ಇದ್ದರೆ ಉಜ್ಜಿ ಬಳಸಬೇಡಿ, ಹೊಸದು ಹಾಕಿ. ಅಂಥ ಪಾಯಿಂಟ್ ಮೇಲೆ ಫೀಲರ್ ಗೇಜ್ ಸುಳ್ಳು ಅಳತೆ ಕೊಡುತ್ತದೆ.

ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್ ತಾನಾಗೇ ಬದಲಾಗುತ್ತದೆ, ಇದು ನೆನಪಿರಲಿ. ಗ್ಯಾಪ್ ದೊಡ್ಡದಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ಮುಂದೆ ಹೋಗುತ್ತದೆ. ಚಿಕ್ಕದಾದರೆ ಹಿಂದೆ. ಟೈಮಿಂಗ್ ಕೂರಿಸಿದ ಮೇಲೆ ಪಾಯಿಂಟ್ ಮುಟ್ಟಿದರೆ ಮಾಡಿದ್ದೆಲ್ಲ ನೀರಿಗೆ ಹಾಕಿದಂತೆ.

## ಹಂತ 3: ಡಿಸ್ಟ್ರಿಬ್ಯೂಟರ್ ಒಳಗೆ ನೋಡಿ

ಬಹಳ ಜನ ಬಿಟ್ಟುಬಿಡುವ ಹಂತ ಇದು. ನನ್ನ ಪ್ರಕಾರ ಅರ್ಧ ಸಮಸ್ಯೆ ಇಲ್ಲೇ ಇರುತ್ತದೆ.

ಕ್ಯಾಪ್ ತೆಗೆದು ರೋಟರ್ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಕೈಗೆ ಆಟ ಸಿಕ್ಕರೆ ಬುಷ್ ಸವೆದಿದೆ. ಪಾಯಿಂಟ್ ಗ್ಯಾಪ್ ಒಂದೊಂದು ಸಿಲಿಂಡರ್‌ಗೆ ಒಂದೊಂದು ಥರ ಆಗುತ್ತದೆ. ಮೊದಲು ಬುಷ್ ಹಾಕಿಸಿ.

ಆಮೇಲೆ ರೋಟರನ್ನು ಅದು ಓಡುವ ದಿಕ್ಕಿಗೆ ತಿರುಗಿಸಿ ಬಿಡಿ. ಈ ಇಂಜಿನ್‌ನಲ್ಲಿ ಮೇಲಿನಿಂದ ನೋಡಿದರೆ ಅದು ಅಪ್ರದಕ್ಷಿಣೆ ಓಡುತ್ತದೆ. ಸ್ಪ್ರಿಂಗ್ ಎಳೆದು ಪಟ್ ಅಂತ ವಾಪಸ್ ಬರಬೇಕು. ಬರದಿದ್ದರೆ ತೂಕಗಳು ಅಂಟಿಕೊಂಡಿವೆ, ಇಲ್ಲವೇ ಸ್ಪ್ರಿಂಗ್ ಮುರಿದಿದೆ. ಬಿಚ್ಚಿ ಸ್ವಚ್ಛ ಮಾಡಿ, ಒಂದೆರಡು ಹನಿ ಎಣ್ಣೆ ಬಿಡಿ. ಎರಡೂ ಸ್ಪ್ರಿಂಗ್ ಒಂದೇ ಥರ ಇಲ್ಲವಲ್ಲ ಅಂತ ಹೆದರಿ ಬದಲಾಯಿಸಬೇಡಿ. ಒಂದು ಸಣ್ಣ, ಒಂದು ದಪ್ಪ ಇರುವಂತೆಯೇ ಹಲವು ಡಿಸ್ಟ್ರಿಬ್ಯೂಟರ್‌ಗಳನ್ನು ಮಾಡಿರುತ್ತಾರೆ.

ಬಿಚ್ಚಿದಾಗ ಕ್ಯಾಮ್ ಕೆಳಗಿನ ತಗಡಿನ ಮೇಲೆ ಕೆತ್ತಿದ ಅಂಕಿ ಕಂಡರೆ ಬರೆದುಕೊಳ್ಳಿ. ಅದು ಡಿಸ್ಟ್ರಿಬ್ಯೂಟರ್ ಡಿಗ್ರಿ. ಕ್ರ್ಯಾಂಕ್ ಲೆಕ್ಕಕ್ಕೆ ಎರಡರಿಂದ ಗುಣಿಸಿ. 10 ಅಂತ ಇದ್ದರೆ ತೂಕಗಳು ಕೊಡುವ ಅಡ್ವಾನ್ಸ್ 20 ಡಿಗ್ರಿ.

ಇನ್ನು ವ್ಯಾಕ್ಯೂಮ್ ಡಬ್ಬಿ. ಪೈಪನ್ನು ಕಾರ್ಬ್ಯುರೇಟರ್ ಕಡೆಯಿಂದ ಬಿಚ್ಚಿ ತುದಿ ಒರೆಸಿ ಬಾಯಿಂದ ಎಳೆಯಿರಿ. ಪಾಯಿಂಟ್ ಕೂತಿರುವ ತಗಡು ತಿರುಗಬೇಕು. ನಾಲಿಗೆಯಿಂದ ತೂತು ಮುಚ್ಚಿದರೆ ಹಾಗೇ ನಿಲ್ಲಬೇಕು. ಮೆಲ್ಲಗೆ ವಾಪಸ್ ಬಂದರೆ ಡಯಾಫ್ರಮ್ ಹರಿದಿದೆ. ಹರಿದ ಡಬ್ಬಿ ಅಡ್ವಾನ್ಸ್ ಕೊಡುವುದಿಲ್ಲ, ಅದರ ಮೇಲೆ ಗಾಳಿ ಸೋರಿಸಿ ಮಿಕ್ಸ್ಚರ್ ಲೀನ್ ಮಾಡುತ್ತದೆ.

## ಹಂತ 4: ನಿಜವಾದ ಟಿಡಿಸಿ ಹುಡುಕಿ

ಟಿಡಿಸಿ ಅಂದರೆ ಪಿಸ್ಟನ್ ತೀರಾ ಮೇಲಕ್ಕೆ ಬಂದ ಜಾಗ. ಅದನ್ನು ತೋರಿಸುವ ಪುಲ್ಲಿ ಮೇಲಿನ ಕಚ್ಚನ್ನು ಕಣ್ಣುಮುಚ್ಚಿ ನಂಬಬೇಡಿ. ಇಷ್ಟು ವರ್ಷಗಳಲ್ಲಿ ಪುಲ್ಲಿ ಬದಲಾಗಿರಬಹುದು, ಟೈಮಿಂಗ್ ಕವರ್ ಬೇರೆ ಇಂಜಿನ್‌ನದ್ದಿರಬಹುದು.

ಬ್ಯಾಟರಿ ವೈರ್ ತೆಗೆಯಿರಿ. ನಾಲ್ಕೂ ಪ್ಲಗ್ ಬಿಚ್ಚಿ, ಒಂದನೇ ಸಿಲಿಂಡರ್‌ಗೆ ಪಿಸ್ಟನ್ ಸ್ಟಾಪ್ ಹಾಕಿ. ಒಂದನೇ ಸಿಲಿಂಡರ್ ಅಂದರೆ ರೇಡಿಯೇಟರ್ ಕಡೆಯದು. ಹ್ಯಾಂಡಲ್ ಅಥವಾ ಸ್ಪ್ಯಾನರ್‌ನಿಂದ ಇಂಜಿನನ್ನು ನಿಧಾನವಾಗಿ ತಿರುಗಿಸಿ. ಪಿಸ್ಟನ್ ಬಂದು ತಾಗಿದಾಗ, ಟೈಮಿಂಗ್ ಕವರ್ ಮೇಲಿನ ಟಿಡಿಸಿ ಮೊನೆಯ ನೇರಕ್ಕೆ ಪುಲ್ಲಿ ಮೇಲೆ ಗೆರೆ ಎಳೆಯಿರಿ. ಈಗ ಉಲ್ಟಾ ತಿರುಗಿಸಿ, ಮತ್ತೆ ತಾಗಿದಾಗ ಇನ್ನೊಂದು ಗೆರೆ. ಎರಡರ ನಡುಮಧ್ಯವೇ ನಿಜವಾದ ಟಿಡಿಸಿ. ಕಚ್ಚು ಅಲ್ಲೇ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹೊಸ ಬಿಳಿ ಗೆರೆ ಹಾಕಿ, ಹಳೇ ಕಚ್ಚನ್ನು ಕಪ್ಪು ಪೇಂಟ್‌ನಿಂದ ಮುಚ್ಚಿ. ಪಿಸ್ಟನ್ ಸ್ಟಾಪ್ ಇರುವಾಗ ಸೆಲ್ಫ್ ಹೊಡೆದರೆ ಪಿಸ್ಟನ್ ತಲೆ ತೂತಾಗುತ್ತದೆ. ಅದಕ್ಕೇ ಬ್ಯಾಟರಿ ವೈರ್ ತೆಗೆಯಲು ಹೇಳಿದ್ದು.

ಈ ಇಂಜಿನ್‌ನ ಟೈಮಿಂಗ್ ಕವರ್ ಮೇಲೆ ಮೂರು ಮೊನೆಗಳಿರುತ್ತವೆ. ಉದ್ದದ್ದು ಟಿಡಿಸಿ, ಉಳಿದವು 5 ಮತ್ತು 10 ಡಿಗ್ರಿ. ಕೆಲವು ಕವರ್‌ಗಳಲ್ಲಿ ಇವು ಪುಲ್ಲಿಯ ಕೆಳಗಿರುತ್ತವೆ, ಕಾರಿನ ಅಡಿಯಿಂದ ನೋಡಬೇಕು.

ನಮಗೆ 30 ಡಿಗ್ರಿಯ ಗುರುತೂ ಬೇಕು. ಪುಲ್ಲಿ ಸುತ್ತ ದಾರ ಸುತ್ತಿ ಅಳೆಯಿರಿ. ಆ ಉದ್ದವನ್ನು 36ರಿಂದ ಭಾಗಿಸಿದರೆ 10 ಡಿಗ್ರಿಯ ಅಂತರ ಸಿಗುತ್ತದೆ. 130 ಮಿ.ಮೀ. ಅಗಲದ ಪುಲ್ಲಿ ಆದರೆ ಸುತ್ತಳತೆ 408 ಮಿ.ಮೀ., 10 ಡಿಗ್ರಿಗೆ 11.3 ಮಿ.ಮೀ., 30 ಡಿಗ್ರಿಗೆ 34 ಮಿ.ಮೀ. ಮುಂದಿನಿಂದ ನೋಡುವಾಗ ಟಿಡಿಸಿ ಗೆರೆಯಿಂದ ಪ್ರದಕ್ಷಿಣೆ ದಿಕ್ಕಿಗೆ ಅಳೆದು 10, 20, 30ಕ್ಕೆ ಗುರುತು ಹಾಕಿ. ಉಲ್ಟಾ ಕಡೆ ಹಾಕುವವರು ಬಹಳ ಜನ, ಎರಡು ಸಲ ನೋಡಿಕೊಳ್ಳಿ.

## ಹಂತ 5: ಬಲ್ಬ್ ಇಟ್ಟು ಸ್ಟ್ಯಾಟಿಕ್ ಟೈಮಿಂಗ್

ಇದು ಇಂಜಿನ್ ಸ್ಟಾರ್ಟ್ ಆಗಲು ಬೇಕಾದಷ್ಟು ಮಾತ್ರ. ಪಿಸ್ಟನ್ ಸ್ಟಾಪ್ ಬಿಚ್ಚಿ ತೆಗೆದು, ಬ್ಯಾಟರಿ ವೈರ್ ಮತ್ತೆ ಹಾಕಿ. ಇಂಜಿನನ್ನು ಒಂದನೇ ಸಿಲಿಂಡರ್‌ನ ಕಂಪ್ರೆಷನ್‌ಗೆ ತನ್ನಿ. ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿದರೆ ಗಾಳಿ ತಳ್ಳುವುದು ಗೊತ್ತಾಗುತ್ತದೆ. ರೋಟರ್ ಒಂದನೇ ಲೀಡ್ ಕಡೆ ಮುಖ ಮಾಡಿರಬೇಕು. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಸ್ಪಾರ್ಕ್ ಸಿಗುವ ಸರದಿ) 1-3-4-2, ಅಪ್ರದಕ್ಷಿಣೆ.

ಬಲ್ಬ್‌ನ ಒಂದು ವೈರ್ ಡಿಸ್ಟ್ರಿಬ್ಯೂಟರ್‌ಗೆ ಬರುವ ಸಣ್ಣ ವೈರ್‌ನ ಟರ್ಮಿನಲ್‌ಗೆ, ಇನ್ನೊಂದು ಬಾಡಿಗೆ. ಇಗ್ನಿಷನ್ ಆನ್ ಮಾಡಿ. ಇಂಜಿನನ್ನು ಓಡುವ ದಿಕ್ಕಿನಲ್ಲೇ ಮೆಲ್ಲಗೆ ತಿರುಗಿಸಿ. ಪಾಯಿಂಟ್ ತೆರೆದ ಕ್ಷಣ ಬಲ್ಬ್ ಹತ್ತುತ್ತದೆ. ಪುಸ್ತಕದಲ್ಲಿ ಹೇಳಿದ ಡಿಗ್ರಿಯಲ್ಲಿ ಹತ್ತುವಂತೆ ಡಿಸ್ಟ್ರಿಬ್ಯೂಟರ್ ತಿರುಗಿಸಿ. ಪುಸ್ತಕ ಇಲ್ಲದಿದ್ದರೆ 5 ಡಿಗ್ರಿಯಿಂದ ಶುರು ಮಾಡಿ. ಗುರುತು ದಾಟಿದರೆ ಕಾಲು ಸುತ್ತು ಹಿಂದಕ್ಕೆ ಹೋಗಿ ಮತ್ತೆ ಬನ್ನಿ. ಚೈನ್ ಮತ್ತು ಗೇರ್‌ಗಳ ಆಟ ಹಾಗೆ ಮಾತ್ರ ಕಳೆಯುತ್ತದೆ.

ರೋಟರ್ ಓಡುವ ದಿಕ್ಕಿಗೆ ಎದುರಾಗಿ ಬಾಡಿ ತಿರುಗಿಸಿದರೆ ಅಡ್ವಾನ್ಸ್, ಜೊತೆಗೆ ತಿರುಗಿಸಿದರೆ ರಿಟಾರ್ಡ್. ಈ ಇಂಜಿನ್‌ನಲ್ಲಿ ಪ್ರದಕ್ಷಿಣೆ ಅಂದರೆ ಅಡ್ವಾನ್ಸ್. ಕೆಲಸ ಮುಗಿದ ತಕ್ಷಣ ಇಗ್ನಿಷನ್ ಆಫ್ ಮಾಡಿ, ಇಲ್ಲವಾದರೆ ಕಾಯಿಲ್ ಸುಡುತ್ತದೆ. ಪ್ಲಗ್‌ಗಳನ್ನು ವಾಪಸ್ ಹಾಕಿ.

## ಹಂತ 6: ಮಿಕ್ಸ್ಚರ್ ಇ20ಗೆ ಹೊಂದಿಸಿ

ಇಂಜಿನ್ ಚೆನ್ನಾಗಿ ಬಿಸಿಯಾಗಲಿ, ಚೋಕ್ ಪೂರ್ತಿ ಒಳಗಿರಲಿ. ಎಸ್‌ಯು ಕಾರ್ಬ್ಯುರೇಟರ್ ಆದರೆ ಬುಡದಲ್ಲಿ ಜೆಟ್ ನಟ್ ಇದೆ. ಅದನ್ನು ಕೆಳಕ್ಕೆ ಇಳಿಸಿದರೆ ರಿಚ್ (ಪೆಟ್ರೋಲ್ ಜಾಸ್ತಿ), ಮೇಲಕ್ಕೆ ಏರಿಸಿದರೆ ಲೀನ್. ಒಂದು ಸಲಕ್ಕೆ ನಟ್‌ನ ಒಂದೇ ಮುಖದಷ್ಟು ತಿರುಗಿಸಿ.

ಪ್ರತಿ ಸಲ ಕಾರ್ಬ್ಯುರೇಟರ್ ಒಳಗಿನ ಪಿಸ್ಟನನ್ನು ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಿ ನೋಡಿ. ಇಂಜಿನ್ ವೇಗ ಏರಿ ಹಾಗೇ ನಿಂತರೆ ರಿಚ್. ಕುಸಿದು ನಿಲ್ಲುವ ಹಾಗಾದರೆ ಲೀನ್. ಒಂದು ಕ್ಷಣ ಚೂರು ಏರಿ ಮತ್ತೆ ಮಾಮೂಲಿಗೆ ಬಂದರೆ ಸರಿ. ಹಳೇ ಪೆಟ್ರೋಲ್‌ಗೆ ಕೂರಿಸಿದ್ದ ಗಾಡಿಗೆ ಸಾಮಾನ್ಯವಾಗಿ ಒಂದೆರಡು ಮುಖ ಇಳಿಸಬೇಕಾಗುತ್ತದೆ.

ಸೋಲೆಕ್ಸ್ ಕಾರ್ಬ್ಯುರೇಟರ್ ಆದರೆ ಹೊರಗಿನ ಸ್ಕ್ರೂ ಐಡ್ಲಿಂಗ್‌ಗೆ ಮಾತ್ರ. ಓಡುವಾಗಿನ ಮಿಕ್ಸ್ಚರ್‌ಗೆ ಮೈನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ನೋಡಬೇಕು.

## ಹಂತ 7: ಟೈಮಿಂಗ್ ಲೈಟ್, ಅದೂ ಎರಡು ಕಡೆ

ವ್ಯಾಕ್ಯೂಮ್ ಪೈಪ್ ಬಿಚ್ಚಿ, ಕಾರ್ಬ್ಯುರೇಟರ್ ಕಡೆಯ ತೂತನ್ನು ಮುಚ್ಚಿ. ಲೈಟ್‌ನ ಕ್ಲಿಪ್ ಒಂದನೇ ಪ್ಲಗ್ ಲೀಡ್‌ಗೆ ಹಾಕಿ. ಐಡ್ಲಿಂಗ್ 600 ಆರ್‌ಪಿಎಂ ಹತ್ತಿರಕ್ಕೆ ಇಳಿಸಿ. ಅದಕ್ಕಿಂತ ಮೇಲಿದ್ದರೆ ತೂಕಗಳು ಆಗಲೇ ಕೆಲಸ ಶುರು ಮಾಡಿರುತ್ತವೆ.

ಐಡ್ಲಿಂಗ್‌ನಲ್ಲಿ ಸಿಕ್ಕ ಅಂಕಿ ಬರೆದುಕೊಳ್ಳಿ. ಗುರುತು ಒಂದೇ ಕಡೆ ನಿಲ್ಲದೆ ಕುಣಿಯುತ್ತಿದ್ದರೆ ಅಲ್ಲೇ ನಿಲ್ಲಿಸಿ. ಡಿಸ್ಟ್ರಿಬ್ಯೂಟರ್ ಬುಷ್ ಅಥವಾ ಟೈಮಿಂಗ್ ಚೈನ್ ಸವೆದಿದೆ, ಹಂತ 3ಕ್ಕೆ ವಾಪಸ್ ಹೋಗಿ.

ಈಗ ಇನ್ನೊಬ್ಬರಿಗೆ ನಿಧಾನವಾಗಿ ರೇಸ್ ಮಾಡಲು ಹೇಳಿ. ಗುರುತು ಮುಂದೆ ಮುಂದೆ ಹೋಗುತ್ತದೆ. ಒಂದು ಹಂತದಲ್ಲಿ ನಿಲ್ಲುತ್ತದೆ, 3500ರಿಂದ 4000 ಆರ್‌ಪಿಎಂ ಒಳಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಆ ನಿಂತ ಜಾಗವೇ ಒಟ್ಟು ಅಡ್ವಾನ್ಸ್. ಮುಖ್ಯವಾದ ಅಂಕಿ ಇದೇ, ಡಿಸ್ಟ್ರಿಬ್ಯೂಟರ್ ತಿರುಗಿಸಿ ಕೂರಿಸಬೇಕಾದದ್ದೂ ಇದನ್ನೇ. ನಾನು 30 ಡಿಗ್ರಿಯಿಂದ ಶುರು ಮಾಡುತ್ತೇನೆ, 34 ದಾಟುವುದಿಲ್ಲ. ನೋಡಿದ ಕೂಡಲೇ ಆಕ್ಸಿಲರೇಟರ್ ಬಿಡಿಸಿ. ಹಳೇ ಇಂಜಿನನ್ನು ನಿಂತಲ್ಲೇ ಜೋರಾಗಿ ಓಡಿಸುತ್ತಾ ಇರಬಾರದು.

ಕಿವಿಯಿಂದ ಟೈಮಿಂಗ್ ಕೂರಿಸುವುದು ಸೋಲುವುದು ಇಲ್ಲೇ. ಐಡ್ಲಿಂಗ್‌ನಲ್ಲಿ ಅಡ್ವಾನ್ಸ್ ಜಾಸ್ತಿ ಮಾಡಿದಷ್ಟೂ ಇಂಜಿನ್ ನಯವಾಗಿ, ವೇಗವಾಗಿ ಓಡುತ್ತದೆ. ಹಾಗೆ 15 ಡಿಗ್ರಿಗೆ ತಂದರೆ, 20 ಡಿಗ್ರಿ ಕೊಡುವ ತೂಕಗಳ ಜೊತೆ ಒಟ್ಟು 35 ಆಗುತ್ತದೆ. ನಿಂತಾಗ ಚಂದ, ಲೋಡ್ ಬಿದ್ದಾಗ ನಾಕಿಂಗ್.

ಐಡ್ಲಿಂಗ್ ಅಂಕಿ ಸರಿಯಿದ್ದು ಒಟ್ಟು ಅಡ್ವಾನ್ಸ್ 20 ಡಿಗ್ರಿಯನ್ನೂ ಮುಟ್ಟದಿದ್ದರೆ ತೂಕಗಳು ಪೂರ್ತಿ ತೆರೆಯುತ್ತಿಲ್ಲ. ಅದನ್ನು ಮುಚ್ಚಿಹಾಕಲು ಡಿಸ್ಟ್ರಿಬ್ಯೂಟರ್ ತಿರುಗಿಸಬೇಡಿ.

ವ್ಯಾಕ್ಯೂಮ್ ಪೈಪನ್ನು ಮೊದಲಿದ್ದ ಜಾಗಕ್ಕೇ ವಾಪಸ್ ಹಾಕಿ. ಕೆಲವರು ಬಿಚ್ಚಿಯೇ ಇಡುತ್ತಾರೆ. ಹಾಗೆ ಮಾಡಿದರೆ ಮೈಲೇಜ್ ಹೋಗುತ್ತದೆ, ಆರಾಮಾಗಿ ಓಡುವಾಗಲೂ ಇಂಜಿನ್ ಬಿಸಿಯಾಗುತ್ತದೆ.

## ಹಂತ 8: ರಸ್ತೆಯಲ್ಲಿ ಪರೀಕ್ಷೆ

ಕೊನೆಯ ತೀರ್ಮಾನ ರಸ್ತೆಯದ್ದು. ಕನಿಷ್ಠ 10 ಕಿ.ಮೀ. ಓಡಿಸಿ ಬಿಸಿ ಮಾಡಿ. ಟ್ರಾಫಿಕ್ ಇಲ್ಲದ ಮೆಲ್ಲನೆಯ ಏರು ಹುಡುಕಿ. ಟಾಪ್ ಗೇರ್‌ನಲ್ಲಿ 40 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ, ಕಿಟಕಿ ಇಳಿಸಿ ಕೇಳಿ.

ತಗಡಿನ ಡಬ್ಬಿಯಲ್ಲಿ ಹುಣಸೆಬೀಜ ಅಲ್ಲಾಡಿಸಿದ ಹಾಗೆ ಕೇಳಿದರೆ ಅದು ನಾಕಿಂಗ್. ಟ್ಯಾಪೆಟ್ ಸದ್ದು ಐಡ್ಲಿಂಗ್‌ನಲ್ಲೂ ಇರುತ್ತದೆ. ನಾಕಿಂಗ್ ಲೋಡ್ ಇದ್ದಾಗ ಮಾತ್ರ ಬರುತ್ತದೆ, ಕಾಲು ಎತ್ತಿದರೆ ತಕ್ಷಣ ನಿಲ್ಲುತ್ತದೆ. ಕೇಳಿಸಿದರೆ 2 ಡಿಗ್ರಿ ಹಿಂದಕ್ಕೆ ಹಾಕಿ ಮತ್ತೆ ಓಡಿಸಿ. ಕೇಳಿಸದಿದ್ದರೆ 2 ಡಿಗ್ರಿ ಮುಂದಕ್ಕೆ. ಪಿಕಪ್ ಇನ್ನು ಹೆಚ್ಚುತ್ತಿಲ್ಲ ಅನ್ನಿಸಿದ ಕೂಡಲೇ ಹಿಂದಿನ ಜಾಗಕ್ಕೆ ಬನ್ನಿ. ಸದ್ದು ಬರುವ ತನಕ ಅಡ್ವಾನ್ಸ್ ಮಾಡುತ್ತಲೇ ಹೋಗಬೇಕಿಲ್ಲ.

ಲೂಕಾಸ್ ಡಿಸ್ಟ್ರಿಬ್ಯೂಟರ್‌ನ ಪಕ್ಕದಲ್ಲಿ ಗಂಟು ಗಂಟಾದ ಸಣ್ಣ ನಟ್ ಇದ್ದರೆ ಈ ತಿದ್ದುಪಡಿಗೆ ಅದನ್ನೇ ಬಳಸಿ. ಬಾಣದ ಗುರುತು ಎ ಕಡೆ ಅಡ್ವಾನ್ಸ್, ಆರ್ ಕಡೆ ರಿಟಾರ್ಡ್. ಸುಮಾರು 11 ಕ್ಲಿಕ್‌ಗೆ ಒಂದು ಡಿಗ್ರಿ.

ಬೆಂಗಳೂರಿನವರಿಗೆ ಒಂದು ಮಾತು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಅಂಚಿನವರೆಗೆ ಅಡ್ವಾನ್ಸ್ ಮಾಡಿದ ಗಾಡಿ ಇಲ್ಲಿ ಸುಮ್ನೆ ಓಡುತ್ತದೆ. ಶಿರಾಡಿ ಇಳಿದು ಕರಾವಳಿ ಸೇರಿದ ಮೇಲೆ ನಾಕಿಂಗ್ ಶುರುವಾಗಬಹುದು. ವಾಪಸ್ ಬರುವಾಗ ಪೂರ್ತಿ ಲೋಡ್‌ನಲ್ಲಿ ಘಾಟಿ ಬೇರೆ ಹತ್ತಬೇಕು, ಅಲ್ವಾ? ಊರೂರು ತಿರುಗುವ ಗಾಡಿಗೆ ಬೆಂಗಳೂರಿನಲ್ಲಿ ಸಿಕ್ಕ ಜಾಗಕ್ಕಿಂತ 2 ಡಿಗ್ರಿ ಹಿಂದೆ ಇಡಿ.

## ಎಚ್ಚರಿಕೆಯ ಗುರುತುಗಳು

ಬಿಸಿ ಇಂಜಿನ್ ಸ್ಟಾರ್ಟ್ ಮಾಡುವಾಗ ಸೆಲ್ಫ್ ತಡೆದು ತಡೆದು ತಿರುಗಿದರೆ, ಹ್ಯಾಂಡಲ್ ವಾಪಸ್ ಒದ್ದರೆ, ಐಡ್ಲಿಂಗ್‌ನಲ್ಲಿ ಅಡ್ವಾನ್ಸ್ ಜಾಸ್ತಿ ಇದೆ. ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಿ. ಸುತ್ತಿ ಹಿಡಿದರೆ ಮುರಿಯುತ್ತದೆ.

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಗಾಗುವುದು, ಕಾಲು ಎತ್ತಿದಾಗ ಸೈಲೆನ್ಸರ್‌ನಲ್ಲಿ ಪಟಪಟ, ಏರಿನಲ್ಲಿ ಮಂದ, ಪೆಟ್ರೋಲ್ ಕುಡಿತ. ಇವೆಲ್ಲ ಒಟ್ಟಿಗೆ ಕಂಡರೆ ಟೈಮಿಂಗ್ ಹಿಂದಿದೆ.

ಪರೀಕ್ಷೆ ಮುಗಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ಮೇಲೆ ಸಣ್ಣ ಸಣ್ಣ ಹೊಳೆಯುವ ಚುಕ್ಕೆಗಳಿದ್ದರೆ ಅದು ಪಿಸ್ಟನ್‌ನ ಅಲ್ಯೂಮಿನಿಯಂ. ನಿಮಗೆ ಕೇಳಿಸದಿದ್ದರೂ ನಾಕಿಂಗ್ ಆಗುತ್ತಿದೆ. ಗಾಡಿ ಓಡಿಸುವುದು ನಿಲ್ಲಿಸಿ, 4 ಡಿಗ್ರಿ ಹಿಂದಕ್ಕೆ ಹಾಕಿ, ಮಿಕ್ಸ್ಚರ್ ಮತ್ತೆ ನೋಡಿ. ಪಿಂಗಾಣಿ ಬೆಳ್ಳಗೆ ಗುಳ್ಳೆ ಎದ್ದಿದ್ದರೂ ಅಷ್ಟೇ ಅಪಾಯ. ಬರೀ ಬಣ್ಣ ತಿಳಿಯಾಗಿದ್ದರೆ ಗಾಬರಿ ಬೇಡ. ಇ20ಯಲ್ಲಿ ಹಳೇ ಕಾಲದ ಕಂದು ಬಣ್ಣ ಬರುವುದೇ ಕಡಿಮೆ.

ಬೇಸಿಗೆಯಲ್ಲಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಹಿಡಿಯುತ್ತಿಲ್ಲ ಎಂದಾದರೆ ಟೈಮಿಂಗ್ ಮುಟ್ಟಬೇಡಿ. ಪಂಪ್ ಅಥವಾ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಕುದಿದಿರುತ್ತದೆ. ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಕಟ್ಟಿ, ನಡುವೆ ತಗಡಿನ ಮರೆ ಕೊಡಿ. ಕೀ ತೆಗೆದ ಮೇಲೂ ಇಂಜಿನ್ ಧಡಧಡ ಓಡುತ್ತಿದ್ದರೆ ಮೊದಲು ಐಡ್ಲಿಂಗ್ ವೇಗ ಇಳಿಸಿ. ಆಮೇಲೆ ಸಿಲಿಂಡರ್ ಒಳಗಿನ ಕಾರ್ಬನ್ ನೋಡಿಸಿ.

## 500 ಕಿ.ಮೀ. ಆದ ಮೇಲೆ

ಕೊನೆಗೆ ಸಿಕ್ಕ ಐಡ್ಲಿಂಗ್ ಅಂಕಿ, ಒಟ್ಟು ಅಡ್ವಾನ್ಸ್, ಪಾಯಿಂಟ್ ಗ್ಯಾಪ್, ಜೆಟ್ ನಟ್ ಎಷ್ಟು ಮುಖ ಇಳಿದಿದೆ ಎನ್ನುವುದನ್ನು ಬರೆದು ಬಾನೆಟ್ ಒಳಗೆ ಅಂಟಿಸಿ. ಡಿಸ್ಟ್ರಿಬ್ಯೂಟರ್ ಬಾಡಿಗೂ ಬ್ಲಾಕ್‌ಗೂ ಸೇರಿಸಿ ಒಂದು ಬಿಳಿ ಗೆರೆ ಎಳೆಯಿರಿ. ಯಾರಾದರೂ ತಿರುಗಿಸಿದರೆ ಅದನ್ನು ನೋಡಿದರೇ ಗೊತ್ತಾಗುತ್ತದೆ.

ಹೊಸ ಪಾಯಿಂಟ್‌ನ ಹಿಮ್ಮಡಿ (ಕ್ಯಾಮ್‌ಗೆ ಉಜ್ಜುವ ತುದಿ) ಮೊದಲ ಕೆಲವು ನೂರು ಕಿ.ಮೀ.ನಲ್ಲಿ ಬೇಗ ಸವೆಯುತ್ತದೆ. ಗ್ಯಾಪ್ ಕಡಿಮೆಯಾಗಿ ಟೈಮಿಂಗ್ ಹಿಂದೆ ಬೀಳುತ್ತದೆ. 500 ಕಿ.ಮೀ. ಆದಾಗ ಕ್ಯಾಮ್ ಮೇಲೆ ಒಂದು ಚೂರು ಗ್ರೀಸ್ ಹಚ್ಚಿ, ಗ್ಯಾಪ್ ಮತ್ತೆ 0.35 ಮತ್ತು 0.40ರ ನಡುವೆ ತನ್ನಿ. ಆಮೇಲೆ ಲೈಟ್ ಹಾಕಿ ಒಟ್ಟು ಅಡ್ವಾನ್ಸ್ ಇನ್ನೊಂದು ಸಲ ನೋಡಿ.